ವೈಫೈ ಸಂಪರ್ಕ ಪದೇ ಪದೇ ಕಡಿದುಹೋಗುವುದೇಕೆ? – ಡ್ರೈವರ್ ದೋಷದ ಪತ್ತೆ ಮತ್ತು ಹತೋಟಿ

ಪಹಣಿ ಪಡೆಯುವುದು, ಬೆಳೆ ವಿಮೆಗೆ ನೋಂದಾಯಿಸುವುದು, ಎ.ಪಿ.ಎಂ.ಸಿ. ಧಾರಣೆ ನೋಡುವುದು, ಸಹಾಯಧನದ ಅರ್ಜಿ ಸಲ್ಲಿಸುವುದು – ಇಂತಹ ಅನೇಕ ಕೆಲಸಗಳು ಇಂದು ಅಂತರಜಾಲದ ಮೂಲಕವೇ ಆಗುತ್ತಿವೆ. ಓದುಬರಹ ಬಲ್ಲ ರೈತರ ಮನೆಗಳಲ್ಲಿ, ರೈತ ಉತ್ಪಾದಕರ ಸಂಸ್ಥೆಗಳ ಕಛೇರಿಗಳಲ್ಲಿ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್, ಗೋಡೆಯ ಮೇಲೆ ಒಂದು ವೈಫೈ ರೂಟರ್ ಇರುವುದು ಈಗ ಅಪರೂಪವಲ್ಲ. ಪಂಪ್‌ಸೆಟ್ ನೀರೆತ್ತದಿದ್ದರೆ ಫುಟ್‌ವಾಲ್ವ್ ನೋಡಬೇಕೆ, ಗ್ಲ್ಯಾಂಡ್ ನೋಡಬೇಕೆ, ವೋಲ್ಟೇಜ್ ನೋಡಬೇಕೆ ಎಂಬುದು ನಮ್ಮ ರೈತರಿಗೆ ಗೊತ್ತು. ವೈಫೈ ಕಡಿದುಹೋದರೆ ಮಾತ್ರ ‘ನೆಟ್ ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಈ ಒಂದು ಮಾತಿನಿಂದ ಆಗುವ ನಷ್ಟ ಸಣ್ಣದಲ್ಲ. ಎರಡು ವರ್ಷಗಳ ಹಿಂದೆ ಮುಂಗಾರಿನಲ್ಲಿ, ಬೆಳೆ ವಿಮೆ ನೋಂದಣಿಯ ಕಡೆಯ ದಿನ, ನಾನು ಬಲ್ಲ ಒಂದು ಹಳ್ಳಿಯ ಯುವ ರೈತರೊಬ್ಬರು ತಮ್ಮ ಮತ್ತು ನೆರೆಯ ಇಬ್ಬರ ಅರ್ಜಿಗಳನ್ನು ತಮ್ಮ ಲ್ಯಾಪ್‌ಟಾಪಿನಲ್ಲೇ ತುಂಬಲು ಕುಳಿತರು. ಪಾಸ್‌ಬುಕ್ಕಿನ ನಕಲನ್ನು ಏರಿಸುವ ಹೊತ್ತಿಗೆ ಸಂಪರ್ಕ ಹೋಗುತ್ತಿತ್ತು. ಅರ್ಧ ನಿಮಿಷದಲ್ಲಿ ತಾನಾಗಿಯೇ ಬರುತ್ತಿತ್ತು. ಆದರೆ ಅಷ್ಟರಲ್ಲಿ ಅರ್ಜಿಯ ಪುಟ ಮೊದಲಿನಿಂದ ಪ್ರಾರಂಭವಾಗುತ್ತಿತ್ತು. ಫೈಬರ್ ಲೈನಿನವರನ್ನು ಕರೆಸಿದರು. ಅವರು ನೋಡಿ ಲೈನು ಸರಿಯಾಗಿದೆ ಎಂದು ಹೇಳಿ ಹೋದರು. ಸಂಜೆಯ ಹೊತ್ತಿಗೆ ಎರಡು ಅರ್ಜಿಗಳು ಹೇಗೋ ಮುಗಿದವು. ಮೂರನೆಯದು ಉಳಿದೇ ಹೋಯಿತು. ಆ ಮೂರನೆಯವರ ರಾಗಿ ಹೊಲ ಆ ವರ್ಷ ವಿಮೆಯಿಲ್ಲದೆಯೇ ಮಳೆಯ ಮುಖ ನೋಡಬೇಕಾಯಿತು. ಕೆಲವು ದಿನಗಳ ನಂತರ ನಾನು ಆ ಯಂತ್ರವನ್ನು ನೋಡಿದಾಗ ದೋಷವಿದ್ದುದು ಲೈನಿನಲ್ಲೂ ಅಲ್ಲ, ರೂಟರಿನಲ್ಲೂ ಅಲ್ಲ, ವೈಫೈ ಡ್ರೈವರಿನ ಒಂದು ಗುರುತಿನ ಚೌಕದಲ್ಲಿ. ಅದನ್ನು ತೆಗೆಯಲು ಎರಡು ನಿಮಿಷ ಸಾಕಾಯಿತು. ಇಂತಹ ದೋಷವನ್ನು ರೈತರೇ, ಇಲ್ಲವೆ ಊರಿನ ವಿಸ್ತರಣಾ ಕಾರ್ಯಕರ್ತರೇ ಪತ್ತೆ ಮಾಡುವಂತಾಗಲಿ ಎಂದು ಈ ಲೇಖನ.

ಡ್ರೈವರ್ ಎಂದರೇನು?

ಹೆಸರು ಡ್ರೈವರ್ ಎಂದಿದ್ದರೂ ಇದು ಯಾವ ಗಾಡಿಯನ್ನೂ ಓಡಿಸುವುದಿಲ್ಲ. ಲ್ಯಾಪ್‌ಟಾಪಿನ ಒಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ವೈಫೈ ಕಾರ್ಡು ಇರುತ್ತದೆ. ರೂಟರಿನೊಡನೆ ರೇಡಿಯೋ ಅಲೆಗಳ ಮೂಲಕ ಮಾತನಾಡುವುದು ಈ ಕಾರ್ಡು. ಆದರೆ ವಿಂಡೋಸ್‌ನಂತಹ ಕಾರ್ಯಾಚರಣೆ ತಂತ್ರಾಂಶಕ್ಕೆ ಈ ಕಾರ್ಡಿನ ಭಾಷೆ ಬರುವುದಿಲ್ಲ. ಒಂದೊಂದು ತಯಾರಿಕೆಯ ಕಾರ್ಡಿಗೂ ಒಂದೊಂದು ರೀತಿ. ಇವೆರಡರ ನಡುವೆ ನಿಂತು ಅತ್ತಲ ಮಾತನ್ನು ಇತ್ತ, ಇತ್ತಲ ಮಾತನ್ನು ಅತ್ತ ಮುಟ್ಟಿಸುವ ದುಭಾಷಿಯೇ ಡ್ರೈವರ್ ಎಂಬ ತಂತ್ರಾಂಶ. ದುಭಾಷಿಗೆ ಕಾರ್ಡಿನ ಭಾಷೆ ಸರಿಯಾಗಿ ಬಾರದಿದ್ದರೆ, ಅಥವಾ ವಿಂಡೋಸ್ ತನ್ನ ಮಾತಿನ ಧಾಟಿಯನ್ನು ಬದಲಿಸಿದ್ದು ಅವನಿಗೆ ತಿಳಿಯದಿದ್ದರೆ, ಅಥವಾ ಅವನು ನಡುನಡುವೆ ತೂಕಡಿಸಿದರೆ ಸಂಪರ್ಕ ಕಡಿಯುತ್ತದೆ. ನಮ್ಮ ಅನುಭವದಲ್ಲಿ ಈ ಮೂರರಲ್ಲಿ ತೂಕಡಿಕೆಯೇ ಹೆಚ್ಚು.

ತೂಕಡಿಕೆ ಎಂಬುದು ಬರಿಯ ಹೋಲಿಕೆಯಲ್ಲ. ರೂಟರು ತಾನಿರುವುದನ್ನು ತಿಳಿಸಲು ಸೆಕೆಂಡಿಗೆ ಸುಮಾರು ಹತ್ತು ಬಾರಿ ಒಂದು ಸಂಕೇತವನ್ನು ಕೂಗುತ್ತಿರುತ್ತದೆ. ಬ್ಯಾಟರಿ ಉಳಿಸುವ ಸಲುವಾಗಿ ವೈಫೈ ಕಾರ್ಡು ಈ ಕೂಗುಗಳ ನಡುವಿನ ಅವಧಿಯಲ್ಲಿ ನಿದ್ರಿಸಿ, ಕೂಗಿನ ಹೊತ್ತಿಗೆ ಸರಿಯಾಗಿ ಎದ್ದು, ತನಗೇನಾದರೂ ಬಂದಿದೆಯೇ ಎಂದು ಕೇಳಿಕೊಂಡು ಮತ್ತೆ ನಿದ್ರಿಸಬೇಕು. ಕಾರ್ಡು ನಿದ್ರಿಸುವಾಗ ಅದರ ಪಾಲಿನ ಮಾಹಿತಿಯನ್ನು ರೂಟರು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಕೆರೆ ಅಚ್ಚುಕಟ್ಟಿನಲ್ಲಿ ರಾತ್ರಿ ಸರದಿಯ ನೀರು ಕಟ್ಟಿದವರಿಗೆ ಇದು ಹೊಸದಲ್ಲ. ನೀರುಗಂಟಿ ಕೂಗಿದಾಗ ಎಚ್ಚರವಿದ್ದವನ ಗದ್ದೆಗೆ ನೀರು. ಹಲವು ಬಾರಿ ಕೂಗಿದರೂ ಏಳದವನ ಸರದಿ ಮುಂದಿನವನಿಗೆ. ಡ್ರೈವರಿನ ದೋಷದಿಂದ ಕಾರ್ಡು ಸಕಾಲಕ್ಕೆ ಏಳದಿದ್ದರೆ ರೂಟರು ‘ಈತ ಊರು ಬಿಟ್ಟಿದ್ದಾನೆ’ ಎಂದು ಭಾವಿಸಿ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ. ಕಾರ್ಡು ಎದ್ದು ನೋಡುವಾಗ ಸಂಪರ್ಕ ಇರುವುದಿಲ್ಲ. ಮತ್ತೆ ಗುಪ್ತಪದ ಹೇಳಿ ಸೇರಿಕೊಳ್ಳಬೇಕು. ಈ ಕಡಿತಗಳು ಬಹುಮಟ್ಟಿಗೆ ಅರ್ಧ ನಿಮಿಷದೊಳಗೆ ತಾವಾಗಿಯೇ ಸರಿಹೋಗುವುದಕ್ಕೆ ಇದೇ ಕಾರಣ.

ಮೊದಲು ದೋಷದ ನೆಲೆ ತಿಳಿಯಿರಿ

ಎಲೆ ಹಳದಿಯಾದ ಕೂಡಲೇ ಯೂರಿಯಾ ಎರಚುವ ರೈತ ಹಣವನ್ನೂ ಕಳೆದುಕೊಳ್ಳುತ್ತಾನೆ, ಬೆಳೆಯನ್ನೂ ಕಳೆದುಕೊಳ್ಳಬಹುದು. ಹಳದಿಗೆ ಸಾರಜನಕದ ಕೊರತೆ ಕಾರಣವೋ, ನೀರು ನಿಂತದ್ದೋ, ಬೇರುಕೊಳೆಯೋ ಎಂದು ಗಿಡ ಕಿತ್ತು ನೋಡಬೇಕು. ಇಲ್ಲಿಯೂ ಹಾಗೆಯೇ. ಊರಿನವರೆಗೆ ಬಂದಿರುವ ಲೈನು, ಮನೆಯ ರೂಟರು, ನಡುವಿನ ಗಾಳಿ, ಲ್ಯಾಪ್‌ಟಾಪು – ಈ ನಾಲ್ಕರಲ್ಲಿ ದೋಷ ಎಲ್ಲಿದೆ ಎಂದು ತಿಳಿಯದೆ ಡ್ರೈವರನ್ನು ಮುಟ್ಟಬಾರದು. ನಾವೂ ಈ ತಪ್ಪು ಮಾಡಿದವರೇ. ನಮ್ಮ ತರಬೇತಿ ಕೊಠಡಿಯಲ್ಲಿ ಒಮ್ಮೆ ದೃಶ್ಯ ಸಂವಾದ ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತಿದ್ದಾಗ ಹೊಸ ರೂಟರನ್ನೇ ತಂದು ಹಾಕಿದೆವು. ಹೊಸದರಲ್ಲಿಯೂ ಅದೇ ಹತ್ತು ನಿಮಿಷ! ಹಳೆಯದು ಇಂದಿಗೂ ಬೀರುವಿನ ಮೇಲಿದೆ, ಸುಸ್ಥಿತಿಯಲ್ಲಿ.

ಅತಿ ಸುಲಭವಾದ ಪರೀಕ್ಷೆ ಮೊಬೈಲಿನದು. ಫೋನಿನ ಸಿಮ್ ಡಾಟಾವನ್ನು ಆರಿಸಿ, ಅದೇ ವೈಫೈಗೆ ಸೇರಿಸಿ, ಲ್ಯಾಪ್‌ಟಾಪಿನ ಪಕ್ಕದಲ್ಲೇ ಇಡಬೇಕು. ಲ್ಯಾಪ್‌ಟಾಪಿನಲ್ಲಿ ಸಂಪರ್ಕ ಹೋದ ಕ್ಷಣದಲ್ಲಿ ಫೋನಿನಲ್ಲಿಯೂ ಹೋದರೆ ದೋಷ ಲ್ಯಾಪ್‌ಟಾಪಿನದಲ್ಲ. ಫೋನು ನಡೆಯುತ್ತಿದ್ದು ಲ್ಯಾಪ್‌ಟಾಪು ಮಾತ್ರ ನಿಂತರೆ ಸಂಶಯ ಡ್ರೈವರಿನ ಕಡೆ ತಿರುಗುತ್ತದೆ. ಸಿಮ್ ಡಾಟಾ ಆರಿಸಲು ಮರೆಯಬಾರದು. ಮರೆತರೆ ಫೋನು ಸದ್ದಿಲ್ಲದೆ ಸಿಮ್ಮಿಗೆ ಹಾರಿಕೊಂಡು ‘ನೆಟ್ ಚೆನ್ನಾಗಿದೆ’ ಎಂದು ಸುಳ್ಳು ಸಾಕ್ಷಿ ಹೇಳುತ್ತದೆ.

ಎರಡನೆಯದು ಪಿಂಗ್ ಪರೀಕ್ಷೆ. ವಿಂಡೋಸ್‌ನ ಹುಡುಕು ಪಟ್ಟಿಯಲ್ಲಿ ಸಿ, ಎಂ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರೆ ಕಪ್ಪು ಹಲಗೆಯಂತಹ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಅಲ್ಲಿ ಐಪಿಕಾನ್‌ಫಿಗ್ ಎಂದು (ಐ, ಪಿ, ಸಿ, ಓ, ಎನ್, ಎಫ್, ಐ, ಜಿ) ಬಿಡದೆ ಒಂದೇ ಪದವಾಗಿ ಬರೆದು ಎಂಟರ್ ಒತ್ತಬೇಕು. ಬರುವ ಸಾಲುಗಳಲ್ಲಿ ‘ಡಿಫಾಲ್ಟ್ ಗೇಟ್‌ವೇ’ ಎಂಬುದರ ಮುಂದೆ 192.168.1.1 ಎಂಬಂತಹ ಸಂಖ್ಯೆ ಇರುತ್ತದೆ. ಅದು ನಿಮ್ಮ ರೂಟರಿನ ವಿಳಾಸ. ಈಗ ಪಿಂಗ್ ಎಂಬ ಪದ, ಒಂದು ಖಾಲಿ ಸ್ಥಳ, ಆ ವಿಳಾಸ, ಮತ್ತೆ ಖಾಲಿ ಸ್ಥಳ, ಅಡ್ಡಗೆರೆ, ಟಿ ಅಕ್ಷರ – ಇಷ್ಟನ್ನು ಬರೆದು ಎಂಟರ್ ಒತ್ತಿದರೆ ಲ್ಯಾಪ್‌ಟಾಪು ಸೆಕೆಂಡಿಗೊಮ್ಮೆ ರೂಟರನ್ನು ‘ಇದ್ದೀಯಾ?’ ಎಂದು ಕೇಳುತ್ತದೆ. ಉತ್ತರ ಬಂದಂತೆಲ್ಲ ಒಂದೊಂದು ಸಾಲು ಮೂಡುತ್ತದೆ. ಇನ್ನೊಂದು ಕಪ್ಪು ಹಲಗೆ ತೆರೆದು ಇದೇ ರೀತಿ 8.8.8.8 ಎಂಬ ಹೊರಗಿನ ವಿಳಾಸಕ್ಕೂ ಕೇಳಲು ಬಿಡಬೇಕು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನಿಮ್ಮ ಕೆಲಸ ಮುಂದುವರಿಸಿ.

ಸಂಪರ್ಕ ಹೋದಾಗ ಎರಡು ಹಲಗೆಗಳನ್ನೂ ನೋಡಿ. ಹೊರಗಿನ ಉತ್ತರ ನಿಂತು ರೂಟರಿನ ಉತ್ತರ ಬರುತ್ತಲೇ ಇದ್ದರೆ ದೋಷ ಲೈನಿನದು. ಲೈನಿನವರಿಗೆ ಧೈರ್ಯವಾಗಿ ದೂರು ಕೊಡಬಹುದು. ಎರಡೂ ಒಟ್ಟಿಗೆ ನಿಂತರೆ ದೋಷ ಮನೆಯೊಳಗಿನದು. ಅದರಲ್ಲಿಯೂ ‘ಜನರಲ್ ಫೇಲ್ಯೂರ್’ ಎಂಬ ಸಾಲು ಬಂದರೆ ಲ್ಯಾಪ್‌ಟಾಪು ಕೇಳುವ ಮಾತನ್ನು ಹೊರಗೆ ಕಳುಹಿಸಲೇ ಆಗಲಿಲ್ಲ, ಎಂದರೆ ಆ ಕ್ಷಣದಲ್ಲಿ ಜಾಲವೇ ಕೈಬಿಟ್ಟಿದೆ ಎಂದು ತಿಳಿಯಬೇಕು. ಪರೀಕ್ಷೆಯನ್ನು ನಿಲ್ಲಿಸಲು ಕಂಟ್ರೋಲ್ ಕೀಲಿಯೊಡನೆ ಸಿ ಒತ್ತಿದರಾಯಿತು.

ರೂಟರಿನ ದೀಪಗಳನ್ನೂ ಗಮನಿಸಿ. ಕಡಿತವಾದಾಗ ದೀಪಗಳೆಲ್ಲ ಆರಿ ಒಂದೊಂದಾಗಿ ಹತ್ತಿಕೊಂಡರೆ ರೂಟರಿಗೆ ವಿದ್ಯುತ್ ಸಾಲುತ್ತಿಲ್ಲ ಎಂದರ್ಥ. ಹಳ್ಳಿಗಳಲ್ಲಿ ಇದು ಬಹಳ. ಅಕ್ಕಪಕ್ಕದ ಮೋಟಾರುಗಳು ಚಾಲೂ ಆದಾಗ ವೋಲ್ಟೇಜ್ ಕುಸಿಯುತ್ತದೆ. ಮನೆಯ ಇನ್ವರ್ಟರ್ ಬದಲಾಗುವ ಕ್ಷಣದಲ್ಲಿಯೂ ರೂಟರು ಒಮ್ಮೆ ಸತ್ತು ಹುಟ್ಟುತ್ತದೆ. ಇದಕ್ಕೆ ಔಷಧಿ ಡ್ರೈವರಲ್ಲ, ರೂಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯು.ಪಿ.ಎಸ್. ನಿಮ್ಮ ರೂಟರಿನ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ಅದನ್ನು ಕೊಳ್ಳಬೇಕು.

ಗಾಳಿಯ ದೋಷ

ಎಲ್ಲ ಕಡಿತಕ್ಕೂ ಡ್ರೈವರೇ ಹೊಣೆಯಲ್ಲ. ವೈಫೈಗೆ ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಜ್ ಎಂಬ ಎರಡು ಪಟ್ಟಿಗಳಿವೆ. ಮೊದಲನೆಯದು ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪ ಮಟ್ಟಿಗೆ ದಾಟುತ್ತದೆ. ಆದರೆ ಬ್ಲೂಟೂತ್, ತಂತಿಯಿಲ್ಲದ ಮೌಸ್, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಪಟ್ಟಿಯಲ್ಲಿ ಸಂಚರಿಸುತ್ತವೆ. ಎರಡನೆಯದು ವೇಗವಾದುದು, ಆದರೆ ಗೋಡೆಗೆ ಸೋಲುತ್ತದೆ. ಮಲೆನಾಡು, ಕರಾವಳಿಗಳ ಜಂಬಿಟ್ಟಿಗೆ ಗೋಡೆ, ಹಳೆಯ ತೊಟ್ಟಿಮನೆಯ ದಪ್ಪ ಮಣ್ಣಿನ ಗೋಡೆ, ಜಿಂಕ್ ತಗಡಿನ ಮಾಡು ಇವು ಅಲೆಗಳಿಗೆ ದೊಡ್ಡ ಅಡ್ಡಿ. ತೇವ ಕೂಡಿದರೆ ಅಡ್ಡಿ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಅಡಿಕೆ ತೋಟದಾಚೆಯ ಪಂಪ್‌ಮನೆಗೆ ತಲುಪುತ್ತಿದ್ದ ವೈಫೈ ಆಷಾಢದಲ್ಲಿ ತಲುಪದಿದ್ದರೆ ಅದು ಹಸಿ ಎಲೆಗಳ ಕೆಲಸ.

ಇಲ್ಲಿ ಒಂದು ವಿಚಿತ್ರ ಸಂಗತಿ. ನೀಲಿ ಬಾಯಿಯ ಯು.ಎಸ್.ಬಿ. 3.0 ಕಿಂಡಿಗೆ ಹಾಕಿದ ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿಯೇ ರೇಡಿಯೋ ಗದ್ದಲ ಹೊರಬೀಳುತ್ತದೆ. ಇಂಟೆಲ್ ಸಂಸ್ಥೆಯೇ 2012ರಲ್ಲಿ ಇದನ್ನು ಅಳೆದು ಪ್ರಕಟಿಸಿದೆ. ಕಡತಗಳನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡುವಾಗಲೇ ವೈಫೈ ಹೋಗುತ್ತಿದ್ದರೆ ಇದನ್ನು ಸಂಶಯಿಸಬೇಕು. ಡಿಸ್ಕನ್ನು ಬೇರೆ ಬದಿಯ ಕಿಂಡಿಗೆ ಹಾಕಿ, ಅಥವಾ ವೈಫೈಯನ್ನು 5 ಗಿಗಾಹರ್ಟ್ಜ್‌ಗೆ ಬದಲಿಸಿ ನೋಡಬೇಕು.

ಪೇಟೆಗೆ ಹೊಂದಿಕೊಂಡ ಊರುಗಳಲ್ಲಿ ನೆರೆಹೊರೆಯ ರೂಟರುಗಳೆಲ್ಲ ಒಂದೇ ಚಾನೆಲಿನಲ್ಲಿ ಕೂಗುತ್ತಿರುತ್ತವೆ. 2.4ರ ಪಟ್ಟಿಯಲ್ಲಿ 1, 6, 11 ಎಂಬ ಮೂರು ಚಾನೆಲುಗಳು ಮಾತ್ರ ಒಂದರ ಮೇಲೊಂದು ಬೀಳದಂತಹವು. ರೂಟರಿನ ಹೊಂದಾಣಿಕೆಯಲ್ಲಿ ಇವುಗಳಲ್ಲಿ ಸಂದಣಿ ಕಡಿಮೆಯಿರುವುದನ್ನು ಆರಿಸಿ, ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಜ್‌ಗೆ ಇಳಿಸುವುದು ಉತ್ತಮ. ಅಗಲ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ ಎಂಬ ಆಸೆಯಿಂದ 40 ಇಡುವವರಿದ್ದಾರೆ. ಒತ್ತೊತ್ತಾಗಿ ನಾಟಿ ಮಾಡಿದಷ್ಟೇ ಅದರ ಫಲ.

ಲಕ್ಷಣಗಳನ್ನು ಬರೆದಿಡುವುದು

ಮೇಲಿನ ಪರೀಕ್ಷೆಗಳಿಂದ ದೋಷ ಲ್ಯಾಪ್‌ಟಾಪಿನದೇ ಎಂದು ಖಚಿತವಾದರೆ ಎರಡು ದಿನ ಸುಮ್ಮನೆ ಬರೆದಿಡಿ. ಎಷ್ಟು ಗಂಟೆಗೆ ಕಡಿಯಿತು, ಆಗ ಚಾರ್ಜರ್ ಹಾಕಿತ್ತೇ, ಯಾವ ಕೆಲಸ ನಡೆದಿತ್ತು – ಇಷ್ಟು ಸಾಕು. ಈ ಚೀಟಿ ಅರ್ಧ ಚಿಕಿತ್ಸೆಯಿದ್ದಂತೆ. ಬ್ಯಾಟರಿಯ ಮೇಲೆ ನಡೆಯುವಾಗ ಮಾತ್ರ ಕಡಿಯುತ್ತಿದ್ದು ಚಾರ್ಜರ್ ಹಾಕಿದಾಗ ಸರಿಯಿದ್ದರೆ ವಿದ್ಯುತ್ ಉಳಿತಾಯದ ತೂಕಡಿಕೆಯೇ ಕಾರಣ. ಮುಚ್ಚಳ ಮುಚ್ಚಿ ತೆರೆದ ಮೇಲೆ ವೈಫೈ ಕಾಣದಂತಾದರೆ ಡ್ರೈವರಿಗೆ ನಿದ್ದೆಯಿಂದ ಕಾರ್ಡನ್ನು ಎಬ್ಬಿಸಲು ಬರುತ್ತಿಲ್ಲ. ನಿನ್ನೆಯವರೆಗೆ ಸರಿಯಿದ್ದು ವಿಂಡೋಸ್ ಪರಿಷ್ಕರಣೆಯಾದ ಮರುದಿನದಿಂದ ಕೆಟ್ಟಿದ್ದರೆ ಹೊಸ ಡ್ರೈವರ್ ಅಥವಾ ಪರಿಷ್ಕರಣೆಯೇ ಮೂಲ. ಮೈಕ್ರೋಸಾಫ್ಟ್ ತನ್ನ ಮಾಸಿಕ ಪರಿಷ್ಕರಣೆಯನ್ನು ತಿಂಗಳ ಎರಡನೆಯ ಮಂಗಳವಾರ ಬಿಡುವುದರಿಂದ ಬುಧವಾರ, ಗುರುವಾರಗಳ ದೂರುಗಳನ್ನು ವಿಶೇಷವಾಗಿ ನೋಡಬೇಕು. ಮನೆಯಲ್ಲಿ ಎರಡು ರೂಟರುಗಳಿದ್ದು ಅವುಗಳ ನಡುವೆ ಕುಳಿತಾಗ ಕಡಿಯುತ್ತಿದ್ದರೆ ಕಾರ್ಡು ಅತ್ತಿಂದಿತ್ತ ಹಾರುತ್ತಿದೆ.

ಕೈಬರಹದ ಚೀಟಿಗೆ ಜೊತೆಯಾಗಿ ವಿಂಡೋಸ್ ತಾನೇ ಬರೆದಿಡುವ ದಾಖಲೆಯೂ ಇದೆ. ಕಮಾಂಡ್ ಪ್ರಾಂಪ್ಟನ್ನು ಬಲಗುಂಡಿ ಒತ್ತಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು, ನೆಟ್‌ಶ್ (ಎನ್, ಇ, ಟಿ, ಎಸ್, ಎಚ್), ಡಬ್ಲ್ಯುಲ್ಯಾನ್ (ಡಬ್ಲ್ಯು, ಎಲ್, ಎ, ಎನ್), ಷೋ, ಡಬ್ಲ್ಯುಲ್ಯಾನ್‌ರಿಪೋರ್ಟ್ ಎಂಬ ನಾಲ್ಕು ಪದಗಳನ್ನು ಬಿಡಿಬಿಡಿಯಾಗಿ ಇಂಗ್ಲಿಷಿನಲ್ಲಿ ಬರೆದರೆ ಕಳೆದ ಮೂರು ದಿನಗಳ ವೈಫೈ ಚರಿತ್ರೆ ಒಂದು ಪುಟವಾಗಿ ಸಿದ್ಧವಾಗುತ್ತದೆ. ಪುಟ ಎಲ್ಲಿದೆ ಎಂಬ ದಾರಿಯನ್ನೂ ಅದು ತೋರಿಸುತ್ತದೆ. ಯಾವ ಹೊತ್ತಿಗೆ ಸೇರಿತು, ಯಾವ ಹೊತ್ತಿಗೆ ಬಿಟ್ಟಿತು, ಏಕೆ ಬಿಟ್ಟಿತು ಎಂಬುದು ಅಲ್ಲಿರುತ್ತದೆ. ತಪ್ಪುಗಳ ಮೇಲೆ ಕೆಂಪು ಗುರುತು. ಕಾರಣದ ಸಾಲಿನಲ್ಲಿ ಡ್ರೈವರ್ ಎಂಬ ಪದ ಕಂಡರೆ ನಿಮ್ಮ ಊಹೆ ಸರಿಯಾಯಿತೆಂದು ತಿಳಿಯಬಹುದು. ರಿಪೇರಿಯವರಿಗೆ ಕೊಡಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಹತೋಟಿ ಕ್ರಮಗಳು

ಕೀಟ ಕಂಡ ಕೂಡಲೇ ಅತಿ ತೀಕ್ಷ್ಣ ಔಷಧಿ ಹೊಡೆಯಬಾರದೆಂದು ಈ ಪುಟಗಳಲ್ಲಿ ಎಷ್ಟೋ ಬಾರಿ ಬರೆದಿದ್ದೇವೆ. ಇಲ್ಲಿಯೂ ಸೌಮ್ಯ ಕ್ರಮದಿಂದ ಪ್ರಾರಂಭಿಸಬೇಕು, ಒಮ್ಮೆಗೆ ಒಂದನ್ನೇ ಮಾಡಬೇಕು, ಮಾಡಿದ ಮೇಲೆ ಅರ್ಧ ದಿನವಾದರೂ ಕಾದು ನೋಡಬೇಕು. ನಾಲ್ಕನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ. ಕೆಟ್ಟರೆ ಯಾವುದರಿಂದ ಕೆಟ್ಟಿತೆಂದೂ ಗೊತ್ತಾಗುವುದಿಲ್ಲ.

ಮೊದಲನೆಯದು ನಿಜವಾದ ಪುನರಾರಂಭ. ಅನೇಕರು ‘ಷಟ್ ಡೌನ್’ ಮಾಡಿ ಮತ್ತೆ ಹಚ್ಚಿದರೆ ಎಲ್ಲವೂ ಹೊಸದಾಗಿ ಪ್ರಾರಂಭವಾಗುತ್ತದೆ ಎಂದು ತಿಳಿದಿದ್ದಾರೆ. ಬೇಗ ಏಳಲೆಂದು ವಿಂಡೋಸ್ ಡ್ರೈವರುಗಳ ಸ್ಥಿತಿಯನ್ನು ಹಾಗೆಯೇ ಡಿಸ್ಕಿನಲ್ಲಿ ಉಳಿಸಿಕೊಂಡು ಮಲಗುವುದುಂಟು. ಎದ್ದಾಗ ಹಳೆಯ ರೋಗವೂ ಏಳುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲವೂ ಮೊದಲಿನಿಂದ.

ಎರಡನೆಯದು ಆ ಯುವ ರೈತರ ಯಂತ್ರದಲ್ಲಿ ನಾವು ಮಾಡಿದ್ದು. ಪ್ರಾರಂಭದ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಬೇಕು. ‘ನೆಟ್‌ವರ್ಕ್ ಅಡಾಪ್ಟರ್ಸ್’ ಎಂಬುದನ್ನು ಬಿಡಿಸಿದರೆ ವೈಫೈ ಅಥವಾ ವೈರ್‌ಲೆಸ್ ಎಂಬ ಪದವುಳ್ಳ ಕಾರ್ಡಿನ ಹೆಸರು ಸಿಗುತ್ತದೆ. ಅದರ ಮೇಲೆ ಎರಡು ಬಾರಿ ಒತ್ತಿ ‘ಪವರ್ ಮ್ಯಾನೇಜ್‌ಮೆಂಟ್’ ಎಂಬ ಹಾಳೆಗೆ ಹೋದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ಕೊಡುವ ಚೌಕ ಕಾಣುತ್ತದೆ. ಅದರಲ್ಲಿನ ಗುರುತನ್ನು ತೆಗೆದು ‘ಓಕೆ’ ಒತ್ತಬೇಕು. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಅದನ್ನು ಸಹಿಸಬಹುದು. ಈಚಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಈ ಹಾಳೆಯೇ ಇರುವುದಿಲ್ಲ. ಅದು ನಿಮ್ಮ ತಪ್ಪಲ್ಲ, ಅವುಗಳ ನಿದ್ರೆಯ ವಿಧಾನವೇ ಬೇರೆ. ಅಂತಹವುಗಳಲ್ಲಿ ಬ್ಯಾಟರಿ ಉಳಿತಾಯದ ಸ್ಥಿತಿಯನ್ನು ಆರಿಸಿ, ವಿದ್ಯುತ್ ಆಯ್ಕೆಯನ್ನು ಹೆಚ್ಚಿನ ಕಾರ್ಯಕ್ಷಮತೆಗೆ ಇಟ್ಟು ನೋಡಬೇಕು.

ಅದೇ ಕಿಟಕಿಯ ‘ಅಡ್ವಾನ್ಸ್ಡ್’ ಹಾಳೆಯಲ್ಲಿ ಹಲವು ಕಾರ್ಡುಗಳಿಗೆ ‘ರೋಮಿಂಗ್ ಅಗ್ರೆಸಿವ್‌ನೆಸ್’, ‘ಪ್ರಿಫರ್ಡ್ ಬ್ಯಾಂಡ್’ ಎಂಬ ಆಯ್ಕೆಗಳಿರುತ್ತವೆ. ಎರಡು ರೂಟರುಗಳ ನಡುವೆ ಹಾರಾಡುವ ಕಾರ್ಡಿಗೆ ಮೊದಲನೆಯದನ್ನು ಕಡಿಮೆ ಮಾಡಬೇಕು. ಹತ್ತಿರದಲ್ಲೇ ಕುಳಿತು ಕೆಲಸ ಮಾಡುವವರು ಎರಡನೆಯದರಲ್ಲಿ 5 ಗಿಗಾಹರ್ಟ್ಜ್ ಆರಿಸಬಹುದು. ಉಳಿದ ಆಯ್ಕೆಗಳನ್ನು ಮುಟ್ಟದಿರುವುದು ಕ್ಷೇಮ. ಬದಲಿಸುವ ಮುನ್ನ ಪರದೆಯ ಚಿತ್ರವೊಂದನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ.

ಪರಿಷ್ಕರಣೆಯ ನಂತರ ಕೆಟ್ಟ ಯಂತ್ರಕ್ಕೆ ಮೂರನೆಯ ಕ್ರಮ ಹಿಂದಿನ ಡ್ರೈವರಿಗೆ ಮರಳುವುದು. ‘ಡ್ರೈವರ್’ ಹಾಳೆಯಲ್ಲಿನ ‘ರೋಲ್ ಬ್ಯಾಕ್ ಡ್ರೈವರ್’ ಗುಂಡಿ ಇದಕ್ಕೇ ಇರುವುದು. ಗುಂಡಿ ಮಸುಕಾಗಿದ್ದರೆ ಹಿಂದಿನದು ಯಂತ್ರದಲ್ಲಿ ಉಳಿದಿಲ್ಲ ಎಂದರ್ಥ. ಮರಳಿದ ಮೇಲೆ ಪರಿಷ್ಕರಣೆಯನ್ನು ಕೆಲವು ವಾರ ತಡೆಹಿಡಿಯಬೇಕು, ಇಲ್ಲವಾದರೆ ಅದೇ ಡ್ರೈವರ್ ಮತ್ತೆ ಬಂದು ಕೂರುತ್ತದೆ. ಪರಿಷ್ಕರಣೆಯಿಂದ ಕೆಡುವುದು ನಮ್ಮ ಕಲ್ಪನೆಯಲ್ಲ. 2023ರ ಡಿಸೆಂಬರ್ ಪರಿಷ್ಕರಣೆಯ ನಂತರ ವಿಂಡೋಸ್ 11 ಇರುವ ಕೆಲವು ಯಂತ್ರಗಳಿಗೆ ಕೆಲವು ವೈಫೈ ಜಾಲಗಳನ್ನು ಸೇರಲಾಗುತ್ತಿಲ್ಲ ಎಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಒಪ್ಪಿಕೊಂಡು, ಅದೇ ತಿಂಗಳು ಅದನ್ನು ಹಿಂತೆಗೆದುಕೊಳ್ಳುವ ಏರ್ಪಾಟು ಮಾಡಿತು. ಹೆಚ್ಚು ಬಾಧೆಗೊಳಗಾದದ್ದು ಮನೆಯ ವೈಫೈಯಲ್ಲ. ಕಛೇರಿ, ಕಾಲೇಜುಗಳಂತಹ ದೊಡ್ಡ ಜಾಲಗಳು. ಆದರೂ ಪರಿಷ್ಕರಣೆಯನ್ನು ಕಾಯಂ ಆಗಿ ನಿಲ್ಲಿಸಬಾರದು, ಭದ್ರತೆಯ ತೇಪೆಗಳೂ ಅದರಲ್ಲಿಯೇ ಬರುತ್ತವೆ.

ನಾಲ್ಕನೆಯದು ಹೊಸ ಡ್ರೈವರ್ ಹಾಕುವುದು. ‘ಅಪ್‌ಡೇಟ್ ಡ್ರೈವರ್’ ಒತ್ತಿದಾಗ ‘ಉತ್ತಮವಾದುದು ಈಗಾಗಲೇ ಇದೆ’ ಎಂಬ ಉತ್ತರ ಬಂದರೆ ನಂಬಿ ಕೂರಬೇಕಾಗಿಲ್ಲ. ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾದರಿ ಸಂಖ್ಯೆಯನ್ನು ತಯಾರಕರ ಸಹಾಯ ತಾಣದಲ್ಲಿ ಕೊಟ್ಟರೆ ಆ ಮಾದರಿಗೆ ಹೊಂದುವ ವೈಫೈ ಡ್ರೈವರ್ ಸಿಗುತ್ತದೆ. ಬೀಜವನ್ನು ಪ್ರಮಾಣಿತ ಮೂಲದಿಂದಲೇ ಕೊಳ್ಳಿ ಎನ್ನುವಂತೆ ಡ್ರೈವರನ್ನೂ ತಯಾರಕರಿಂದ ಅಥವಾ ವಿಂಡೋಸ್ ಪರಿಷ್ಕರಣೆಯಿಂದ ಮಾತ್ರ ಪಡೆಯಬೇಕು. ‘ನಿಮ್ಮ ಯಂತ್ರದಲ್ಲಿ 17 ಡ್ರೈವರುಗಳು ಹಳತಾಗಿವೆ’ ಎಂದು ಹೆದರಿಸಿ ಹಣ ಕೇಳುವ, ಇಲ್ಲವೆ ಬೇಡದ ತಂತ್ರಾಂಶಗಳನ್ನು ತುಂಬುವ ತಾಣಗಳು ಬಹಳ ಇವೆ. ಅವುಗಳ ಬಳಿ ಸುಳಿಯಬಾರದು. ಅಂದಹಾಗೆ, ಪಟ್ಟಿಯಲ್ಲಿ ಕೆಲವು ಡ್ರೈವರುಗಳ ದಿನಾಂಕ 2006ರ ಜೂನ್ 21 ಎಂದು ಕಂಡರೆ ಗಾಬರಿ ಬೇಡ. ವಿಂಡೋಸ್ ಜೊತೆಯಲ್ಲೇ ಬರುವ ಮೈಕ್ರೋಸಾಫ್ಟ್‌ನ ಡ್ರೈವರುಗಳಿಗೆ ಉದ್ದೇಶಪೂರ್ವಕವಾಗಿ ಹಾಕಿರುವ ಹಳೆಯ ದಿನಾಂಕ ಅದು. ತಯಾರಕರ ಡ್ರೈವರ್ ಇದ್ದರೆ ಅದಕ್ಕೇ ಆದ್ಯತೆ ಸಿಗಲಿ ಎಂಬುದು ಅದರ ಮರ್ಮ.

ಇಷ್ಟಕ್ಕೂ ಬಗ್ಗದಿದ್ದರೆ ಡ್ರೈವರನ್ನು ಕಿತ್ತು ಮರುನಾಟಿ ಮಾಡಬೇಕು. ಅದಕ್ಕೆ ಮುನ್ನ ಒಂದು ಎಚ್ಚರಿಕೆಯನ್ನು ದಯವಿಟ್ಟು ಎರಡು ಸಲ ಓದಿಕೊಳ್ಳಿ. ಡ್ರೈವರ್ ಕಿತ್ತ ಮೇಲೆ ವೈಫೈ ಇರುವುದಿಲ್ಲ. ವೈಫೈ ಇಲ್ಲದೆ ಹೊಸ ಡ್ರೈವರನ್ನು ತರಿಸಿಕೊಳ್ಳಲಾಗುವುದಿಲ್ಲ. ಆದುದರಿಂದ ತಯಾರಕರ ಡ್ರೈವರನ್ನು ಮೊದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು, ಆಮೇಲೆ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ, ಯಂತ್ರವನ್ನು ಪುನರಾರಂಭಿಸಬೇಕು. ಬಹುಪಾಲು ವಿಂಡೋಸ್ ತಾನೇ ಒಂದು ಡ್ರೈವರ್ ಹಾಕಿಕೊಳ್ಳುತ್ತದೆ. ಹಾಕಿಕೊಳ್ಳದಿದ್ದರೆ ಪೆನ್‌ಡ್ರೈವ್ ಇದೆ. ಸೆಟ್ಟಿಂಗ್ಸ್‌ನಲ್ಲಿರುವ ‘ನೆಟ್‌ವರ್ಕ್ ರೀಸೆಟ್’ ಕೊನೆಯ ಅಸ್ತ್ರ. ಅದು ಎಲ್ಲ ಜಾಲದ ಕಾರ್ಡುಗಳನ್ನೂ ಕಿತ್ತು ಮತ್ತೆ ಹಾಕುತ್ತದೆ, ನೆನಪಿಟ್ಟುಕೊಂಡ ಗುಪ್ತಪದಗಳೆಲ್ಲ ಹೋಗುತ್ತವೆ. ರೂಟರಿನ ಗುಪ್ತಪದ ಬರೆದಿಟ್ಟ ಚೀಟಿ ಕೈಯಲ್ಲಿಲ್ಲದೆ ಇದನ್ನು ಮಾಡಬೇಡಿ.

ವಿಂಡೋಸ್ 10 ಇರುವ ಹಳೆಯ ಯಂತ್ರದವರಿಗೆ ಒಂದು ಮಾತು. ಆ ಆವೃತ್ತಿಗೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸರಿಯಾಗಿ ನಡೆಯುತ್ತಿರುವ ಡ್ರೈವರಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕಾದಿರಿಸಿಕೊಳ್ಳುವುದು ಜಾಣತನ. ಲಿನಕ್ಸ್ ಬಳಸುವವರಿಗೆ ಬಹಳಷ್ಟು ಕಾರ್ಡುಗಳ ಡ್ರೈವರ್ ಅದರ ತಿರುಳಿನಲ್ಲೇ ಇರುವುದರಿಂದ ಸಾಮಾನ್ಯವಾಗಿ ತೊಂದರೆ ಕಡಿಮೆ. ಆದರೆ ಕೆಲವು ಅಗ್ಗದ ಯು.ಎಸ್.ಬಿ. ವೈಫೈ ಡಾಂಗಲುಗಳಿಗೆ ಹೊರಗಿನಿಂದ ಡ್ರೈವರ್ ತಂದು ಕಟ್ಟಬೇಕಾಗುತ್ತದೆ, ತಿರುಳು ಹೊಸದಾದಾಗ ಮತ್ತೆ ಕಟ್ಟಬೇಕಾಗಬಹುದು. ಅಲ್ಲಿಯೂ ಮೊದಲು ನೋಡಬೇಕಾದದ್ದು ವೈಫೈನ ವಿದ್ಯುತ್ ಉಳಿತಾಯವನ್ನು ಆರಿಸುವುದನ್ನೇ.

ಯಾವುದಕ್ಕೂ ಗುಣವಾಗದಿದ್ದರೆ

ಐದೂ ಕ್ರಮಗಳ ನಂತರವೂ ಕಡಿತ ನಿಲ್ಲದಿದ್ದರೆ, ಡಿವೈಸ್ ಮ್ಯಾನೇಜರಿನ ಪಟ್ಟಿಯಿಂದ ಕಾರ್ಡೇ ಆಗಾಗ ಮಾಯವಾಗುತ್ತಿದ್ದರೆ, ಅಥವಾ ಯಂತ್ರ ಬಿಸಿಯಾದಾಗಲೇ ಕಡಿಯುತ್ತಿದ್ದರೆ ಕಾರ್ಡಿನಲ್ಲಿಯೇ ದೋಷವಿರಬಹುದು. ಮುಚ್ಚಳದವರೆಗೆ ಹೋಗುವ ಅದರ ಆಂಟೆನಾದ ಕೂದಲೆಳೆಯಂತಹ ತಂತಿ ಕಳಚಿಕೊಂಡಿರುವುದೂ ಉಂಟು. ರೂಟರಿನ ಪಕ್ಕದಲ್ಲಿಟ್ಟರೂ ಸಂಕೇತ ದುರ್ಬಲವಾಗಿ ತೋರುವುದು ಇದರ ಲಕ್ಷಣ. ಇದು ರಿಪೇರಿಯವರ ಕೆಲಸ. ಕಾರ್ಡು ಹೋಗಿದ್ದರೆ ಲ್ಯಾಪ್‌ಟಾಪನ್ನೇ ಬದಲಿಸಬೇಕಾಗಿಲ್ಲ, ಒಂದು ಯು.ಎಸ್.ಬಿ. ಡಾಂಗಲ್ ಹಾಕಿಕೊಂಡು ಒಳಗಿನ ಕಾರ್ಡನ್ನು ಡಿವೈಸ್ ಮ್ಯಾನೇಜರಿನಲ್ಲಿ ‘ಡಿಸೇಬಲ್’ ಮಾಡಿದರೆ ಕೆಲಸ ನಡೆಯುತ್ತದೆ. ಡಾಂಗಲನ್ನು ನೀಲಿ ಕಿಂಡಿಗಳಿಂದ ದೂರವಿಡಲು ಒಂದು ಗಿಡ್ಡ ಎಕ್ಸ್‌ಟೆನ್ಷನ್ ತಂತಿ ಬಳಸುವುದು ಒಳ್ಳೆಯದು. ರೈತ ಉತ್ಪಾದಕರ ಸಂಸ್ಥೆಗಳ ಕಛೇರಿಯಂತೆ ಲ್ಯಾಪ್‌ಟಾಪು ಒಂದೇ ಮೇಜಿನ ಮೇಲಿರುವ ಕಡೆ ರೂಟರಿನಿಂದ ಒಂದು ಲ್ಯಾನ್ ತಂತಿ ಎಳೆದರೆ ಈ ಇಡೀ ಲೇಖನದ ಅಗತ್ಯವೇ ಬೀಳುವುದಿಲ್ಲ.

ಇನ್ನು ಕಡೆಯ ದಿನದ ಮಾತು. ಅರ್ಜಿಯ ಗಡುವು ಅಂದೇ ಸಂಜೆಗೆ ಇರುವಾಗ ಡ್ರೈವರ್ ಚಿಕಿತ್ಸೆಗೆ ಕೂರಬೇಡಿ. ಫೋನಿನ ಚಾರ್ಜರ್ ತಂತಿಯನ್ನು ಅಡಾಪ್ಟರಿನಿಂದ ಬಿಡಿಸಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ವಿಭಾಗದ ‘ಯು.ಎಸ್.ಬಿ. ಟೆದರಿಂಗ್’ ಒತ್ತಿದರೆ ಅಂತರಜಾಲ ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಹರಿಯುತ್ತದೆ. ತಂತಿಯು ಬರಿಯ ಚಾರ್ಜಿಗಲ್ಲದೆ ಮಾಹಿತಿಗೂ ಆಗುವಂತಹುದಾಗಿರಬೇಕು. ಕೆಟ್ಟ ವೈಫೈ ಡ್ರೈವರ್ ಈ ದಾರಿಯಲ್ಲಿ ಬರುವುದೇ ಇಲ್ಲ. ಫೋನು ವೈಫೈಗೆ ಸೇರಿದ್ದರೆ ಮನೆಯ ಲೈನಿನಿಂದಲೇ, ಇಲ್ಲವಾದರೆ ಸಿಮ್ಮಿನಿಂದ ಕೆಲಸ ಸಾಗುತ್ತದೆ. ಅಂದು ಆ ಯುವ ರೈತರ ಮೇಜಿನ ಮೇಲೆ ಫೋನೂ ಇತ್ತು, ತಂತಿಯೂ ಇತ್ತು. ಈಗ ಅವರು ಆ ತಂತಿಯನ್ನು ಲ್ಯಾಪ್‌ಟಾಪಿನ ಚೀಲದಲ್ಲಿಯೇ ಇಟ್ಟುಕೊಳ್ಳುತ್ತಾರೆ, ಮತ್ತು ನೆರೆಯವರ ಅರ್ಜಿಗಳನ್ನು ಗಡುವಿಗೆ ವಾರ ಮೊದಲೇ ತರಿಸಿಕೊಳ್ಳುತ್ತಾರೆ.